ಯಾರನ್ನೂ ಹಚ್ಚಿಕೊಂಡಿಲ್ಲ

ಗಿರಿಜಾ, ನಾನು ನಿನಗೆ ಸುಳ್ಳು ಹೇಳಿದೆ. ಒಂದು ಸಲವಲ್ಲ, ಎರಡು ಸಲ. ಮೊದಲನೆಯದನ್ನು ಹೇಳಿದಾಗ ನಿನಗೆ ನಾಲ್ಕು ವರ್ಷ ಎರಡು ತಿಂಗಳು. ಎರಡನೆಯದನ್ನು ಹೇಳಿದ್ದು ಹೋದ ಡಿಸೆಂಬರಿನಲ್ಲಿ, ಬೇಗೂರಿನ ನಮ್ಮಣ್ಣನ ಮನೆಯ ಜಗಲಿಯಲ್ಲಿ, ನೀನು ಪ್ಲಾಸ್ಟಿಕ್ ಕುರ್ಚಿಯ ತುದಿಯಲ್ಲಿ ಕುಳಿತು ನನ್ನ ಮುಖವನ್ನೇ ನೋಡುತ್ತಿದ್ದಾಗ. ಇವೆರಡರ ನಡುವೆ ಕಾಗದದ ಮೇಲೆ ಹೇಳಿದ್ದು ಬೇರೆ — ಅವನ್ನೂ ಬರೆಯುತ್ತೇನೆ.

ನಿನಗೆ ಕನ್ನಡ ಓದಲು ಬರುವುದಿಲ್ಲ. ಅಂದು ನಿನ್ನ ಮಾತನ್ನು ನಮಗೂ ನಮ್ಮ ಮಾತನ್ನು ನಿನಗೂ ದಾಟಿಸಲು ಮೈಸೂರಿನಿಂದ ಬಂದಿದ್ದಳಲ್ಲ ನಿತ್ಯಾ, ಅವಳು ಇದನ್ನು ಓದಿ ಹೇಳುವುದಾಗಿ ಒಪ್ಪಿದ್ದಾಳೆ. ಅವಳಿಗೆ ಒಂದೇ ಮಾತು ಹೇಳಿದ್ದೇನೆ: ನನ್ನನ್ನು ಒಳ್ಳೆಯವಳನ್ನಾಗಿ ಮಾಡಿ ಹೇಳಬೇಡಮ್ಮ, ಇದ್ದದ್ದನ್ನು ಇದ್ದ ಹಾಗೆ ಹೇಳು.

ನನಗೀಗ ಅರವತ್ತೆರಡು. ಬರೆಯುವುದಕ್ಕೆ ಕುಳಿತರೆ ಬೆನ್ನು ಹಿಡಿಯುತ್ತದೆ. ಎರಡು ತಿಂಗಳಿಂದ ಬರೆಯುತ್ತಿದ್ದೇನೆ, ಹರಿಯುತ್ತಿದ್ದೇನೆ. ಹರಿದ ಹಾಳೆಗಳಲ್ಲೆಲ್ಲ ನಾನು ಪಾಪದವಳಾಗಿ ಕಾಣುತ್ತಿದ್ದೆ — ಗಂಡ ಸತ್ತವಳು, ಅಣ್ಣನ ಆಸರೆಯಲ್ಲಿ ಬದುಕಿದವಳು, ಗತಿಯಿಲ್ಲದವಳು. ಅದೆಲ್ಲ ನಿಜವೇ. ಆದರೆ ಅದನ್ನು ಕೇಳಲು ನೀನು ಅಷ್ಟು ದೂರದಿಂದ ಬಂದಿರಲಿಲ್ಲ.

ಚಾಮರಾಜನಗರದಲ್ಲಿ ಆಗ ಒಂದು ಸಣ್ಣ ಶಿಶುಮಂದಿರವಿತ್ತು. ಈಗ ಇಲ್ಲ, ಆ ಕಟ್ಟಡದಲ್ಲಿ ಟೈಲ್ಸ್ ಅಂಗಡಿ ನಡೆಯುತ್ತಿದೆ. ನನ್ನ ಗಂಡ ಊಟಿ ರಸ್ತೆಯಲ್ಲಿ ಲಾರಿಗೆ ಸಿಕ್ಕಿ ಹೋದ ಮೇಲೆ, ಬೇಗೂರಿನ ಅಣ್ಣನ ಮನೆಯಲ್ಲಿ ಸುಮ್ಮನೆ ಕೂರಲಾರದೆ, ಎಸ್ಸೆಸ್ಸೆಲ್ಸಿ ಓದಿದ್ದೆ ಎಂಬ ಧೈರ್ಯದ ಮೇಲೆ ಅಲ್ಲಿ ಆಯಾ ಕೆಲಸಕ್ಕೆ ಸೇರಿದೆ. ಹದಿನಾಲ್ಕೋ ಹದಿನೈದೋ ಮಕ್ಕಳು, ಮೂವರು ಆಯಾಗಳು. ನೋಡಿಕೊಳ್ಳುತ್ತಿದ್ದವರು ವಿಶಾಲಾಕ್ಷಿ ಮೇಡಂ — ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು, ಗಟ್ಟಿ ದನಿ, ಮೃದು ಕೈ. ಕೆಲಸಕ್ಕೆ ಸೇರಿದ ದಿನವೇ ಅವರು ನನಗೆ ಹೇಳಿದ್ದು ಇದು: "ಎತ್ತಿಕೊ, ತಿನ್ನಿಸು, ನಗಿಸು. ಹಚ್ಚಿಕೊಬೇಡ. ನೀನು ಹಚ್ಚಿಕೊಂಡ್ರೆ ಮಗು ನಿನ್ನ ಹಚ್ಚಿಕೊಳ್ಳುತ್ತೆ. ಆಮೇಲೆ ಕೀಳೋರು ಯಾರು?"

ನಿನ್ನನ್ನು ತಂದವಳು ನಿನ್ನ ತಾಯಿಯ ತಾಯಿ. ಗುಂಡ್ಲುಪೇಟೆಯಿಂದಾಚೆ, ಮದ್ದೂರಿನ ಕಾಡಂಚಿನ ಒಂದು ಊರಿನವಳು. ನಿನ್ನ ತಾಯಿ ಚೆಂಡುಹೂವಿನ ಹೊಲಗಳಲ್ಲಿ ಹೂ ಬಿಡಿಸುವ ಕೂಲಿಗೆ ಹೋಗುತ್ತಿದ್ದಳಂತೆ. ನಿನ್ನನ್ನು ಹೆತ್ತ ಮೇಲೆ ಅವಳು ಸುಧಾರಿಸಿಕೊಳ್ಳಲೇ ಇಲ್ಲ, ತೀರಿಕೊಂಡಳು. ನಿನಗಾಗ ಏಳು ತಿಂಗಳು. ಅಜ್ಜಿ ನಿನ್ನನ್ನು ನನ್ನ ಮಡಿಲಿಗೆ ಹಾಕಿ ಹೇಳಿದಳು: "ನಂಗೆ ಕಣ್ಣು ಕಾಣಕ್ಕಿಲ್ಲ ಕಣವ್ವ. ಇದು ತೆವ್ಕಂಡು ಒಲೆ ತಾವ್ಕೆ ಓದ್ರೂ ನಂಗೆ ಗೊತ್ತಾಗಕ್ಕಿಲ್ಲ. ಎಲ್ಲಾರ ಬದುಕ್ಲಿ." ಅವಳ ಹೆಬ್ಬೆಟ್ಟನ್ನು ಹಿಡಿದು ಕಾಗದದ ಮೇಲೆ ಒತ್ತಿಸಿದವಳು ನಾನು. ಅವಳು ಯಾವ ಕೇರಿಯವಳು ಎಂದು ಕೇಳಿ ರಿಜಿಸ್ಟರಿನಲ್ಲಿ ಬರೆದುಕೊಂಡವಳೂ ನಾನೇ. ಈ ಎರಡನೆಯ ಮಾತನ್ನು ಮರೆಯಬೇಡ — ಮುಂದೆ ಬೇಕಾಗುತ್ತದೆ.

ಉಳಿದ ಇಬ್ಬರು ಆಯಾಗಳಿಗೆ ಮನೆಯಲ್ಲಿ ಮಕ್ಕಳಿದ್ದರು. ಅವರಿಗೆ ರಜೆ ಬೇಕಿತ್ತು, ನನಗೆ ನೀನು ಬೇಕಿದ್ದೆ. ಅವರ ಪಾಳಿಗಳನ್ನೆಲ್ಲ ನಾನೇ ಕೇಳಿ ತೆಗೆದುಕೊಳ್ಳುತ್ತಿದ್ದೆ. ಎಷ್ಟು ಒಳ್ಳೆಯವಳು ಎಂದು ಅವರು ಹೊಗಳುತ್ತಿದ್ದರು. ನಿನಗೆ ಸ್ನಾನ ಮಾಡಿಸುವುದು, ರಾಗಿಸರಿ ತಿನ್ನಿಸುವುದು, ತಲೆ ಬಾಚುವುದು — ಒಂದೂ ಬೇರೆಯವರ ಕೈಗೆ ಹೋಗದಂತೆ ನೋಡಿಕೊಂಡೆ. ಮಕ್ಕಳೆಲ್ಲ ನಮ್ಮನ್ನು ಆಯಾ ಎನ್ನುತ್ತಿದ್ದರು. ನಿನಗೆ ಮಾತು ಬರುವ ಹೊತ್ತಿಗೆ, ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಿನ್ನನ್ನು ಕೂರಿಸಿಕೊಂಡು, ನನ್ನ ಎದೆ ಮುಟ್ಟಿ ತೋರಿಸಿ, ಹೇಳಿಕೊಟ್ಟೆ: ಅವ್ವ.

ಯಾರೂ ಇಲ್ಲದಾಗ ಅವ್ವ. ಮೇಡಂ ಇದ್ದರೆ, ಬೇರೆ ಯಾರಾದರೂ ಇದ್ದರೆ, ಆಯಾ.

ನೀನು ಚುರುಕಾಗಿದ್ದೆ, ಬೇಗ ಕಲಿತೆ. ನನ್ನನ್ನು ಕರೆಯುವ ಮುಂಚೆ ಒಮ್ಮೆ ಆ ಕಡೆ ಈ ಕಡೆ ಕತ್ತು ತಿರುಗಿಸಿ ನೋಡುತ್ತಿದ್ದೆ. ಯಾರೂ ಇಲ್ಲವೆಂದು ಖಾತ್ರಿಯಾದರೆ ನನ್ನ ಕಿವಿಗೆ ಬಾಯಿಟ್ಟು ಆ ಮಾತು ಹೇಳಿ ನಗುತ್ತಿದ್ದೆ. ನಾನೂ ನಗುತ್ತಿದ್ದೆ. ತಾಯಿಯನ್ನು ಕದ್ದು ಕರೆಯಬೇಕು ಎಂದು ಎರಡು ವರ್ಷದ ಮಗುವಿಗೆ ಕಲಿಸಿ ನಗುತ್ತಿದ್ದೆ.

ನಿನಗೆ ಮೂರು ತುಂಬಿದ ವರ್ಷ ಅಣ್ಣನ ಮಗಳ ಮದುವೆಗೆಂದು ನಾಲ್ಕು ದಿನ ಬೇಗೂರಿಗೆ ಹೋದೆ. ವಾಪಸು ಬರುವಷ್ಟರಲ್ಲಿ ನೀನು ಜ್ವರ ಬಂದು ಒಣಗಿಹೋಗಿದ್ದೆ. ಯಾರ ಕೈಯಿಂದಲೂ ತಿಂದಿರಲಿಲ್ಲ. ನನ್ನನ್ನು ನೋಡಿ ಅಳಲಿಲ್ಲ. ಎರಡೂ ಕೈಯಿಂದ ನನ್ನ ಮುಖಕ್ಕೆ ಹೊಡೆದೆ, ಹೊಡೆದೆ, ಆಮೇಲೆ ಕುತ್ತಿಗೆ ಹಿಡಿದುಕೊಂಡು ಹಾಗೇ ನಿದ್ದೆ ಹೋದೆ. ಜೊತೆಯ ಆಯಾ ಪುಟ್ಟಮ್ಮ, "ಇನ್ಯಾವತ್ತೂ ರಜಾ ಆಕ್ಬೇಡ ಕಣಕ್ಕ, ಈ ಮಗ ಸತ್ತೋಯ್ತದೆ" ಅಂದಳು.

ನನಗೆ ಖುಷಿಯಾಯಿತು, ಗಿರಿಜಾ. ಸಂಕಟವಾಯಿತು ಎಂದು ಬರೆದು ಬರೆದು ಹರಿದಿದ್ದೇನೆ. ಸಂಕಟವೂ ಇತ್ತು. ಆದರೆ ಮೊದಲು ಬಂದದ್ದು ಖುಷಿ. ಈ ಭೂಮಿಯ ಮೇಲೆ ನಾನಿಲ್ಲದೆ ಊಟ ಸೇರದ ಒಂದು ಜೀವ ಇದೆಯಲ್ಲ ಎಂದು — ಆ ಜೀವ ಜ್ವರದಲ್ಲಿ ಬೇಯುತ್ತಿರುವಾಗ.

ನಮ್ಮ ಕಡೆಯ ಮೂರು ದಂಪತಿಗಳು ನಿನ್ನನ್ನು ನೋಡಿ ಹೋಗಿದ್ದರು. ಕಪ್ಪು ಎಂದು ಒಬ್ಬರು, ವಯಸ್ಸಾಯಿತು ಎಂದು ಇನ್ನೊಬ್ಬರು; ಮೂರನೆಯವರು ಏನೂ ಹೇಳದೆ ಹೋದರು. ಅವರು ಹೋದಾಗಲೆಲ್ಲ ನಾನು ಬದುಕಿದೆ ಅಂದುಕೊಂಡೆ. ಆಮೇಲೆ ಇಟಲಿಯಿಂದ ಮಾರ್ತಾ ಮತ್ತು ಪಾವ್ಲೊ ಎಂಬ ಗಂಡಹೆಂಡಿರ ಕಾಗದ ಬಂತು. ಅವರಿಗೆ ನೀನೇ ಬೇಕಿತ್ತು.

ಒಂದು ಮಧ್ಯಾಹ್ನ ಮೇಡಂ ನನ್ನನ್ನು ಆಫೀಸು ಕೋಣೆಗೆ ಕರೆದು ಬಾಗಿಲು ಮುಂದಕ್ಕೆ ಹಾಕಿದರು.

"ದಾಕ್ಷಾಯಿಣಿ, ನನಗೂ ಕಣ್ಣಿದೆ. ಇಷ್ಟು ದಿನ ಕಾಣದ ಹಾಗೆ ಇದ್ದೆ, ಅದು ನನ್ನ ತಪ್ಪು. ಇವರಿಗೆ ಉತ್ತರ ಬರೆಯೋ ಮುಂಚೆ ಕೇಳ್ತಿದ್ದೀನಿ. ಆ ಮಗೂನ ನೀನೇ ಸಾಕ್ಕೋಬೇಕು ಅಂತ ಇದ್ರೆ ಈಗಲೇ ಹೇಳು. ಸುಲಭ ಅಲ್ಲ — ಕೋರ್ಟು, ಓಡಾಟ ಎಲ್ಲಾ ಇದೆ. ಆದ್ರೆ ನಾನು ನಿನ್ನ ಜೊತೆ ನಿಲ್ತೀನಿ. ಒಂದು ವಾರ ಟೈಮ್ ತಗೋ."

ಇದನ್ನು ನಾನು ಯಾರಿಗೂ ಹೇಳಿಲ್ಲ. ಮೇಡಂ ತೀರಿಕೊಂಡು ವರ್ಷಗಳಾದವು; ಗೊತ್ತಿರುವವಳು ನಾನೊಬ್ಬಳೇ. ನಿನ್ನನ್ನು ನನಗೆ ಕೊಡುತ್ತೇವೆ ಅಂದಿದ್ದರು.

ಭಾನುವಾರ ಬೇಗೂರಿಗೆ ಹೋದೆ. ಅಣ್ಣ ಹಟ್ಟಿಯಲ್ಲಿ ಹಸುವಿಗೆ ಹುಲ್ಲು ಹಾಕುತ್ತಿದ್ದ. ಹೇಳಿದೆ. ಅವನು ಮೊದಲು ಕೇಳಿದ್ದೇ ನೀನು ಯಾವ ಜನ ಎಂದು. ನಾನು ಗೊತ್ತಿಲ್ಲ ಎನ್ನಬಹುದಿತ್ತು. ಅನಾಥಾಲಯದ ಮಗು, ಯಾರು ಕಂಡರು ಎನ್ನಬಹುದಿತ್ತು. ಹೇಳಿಬಿಟ್ಟೆ.

"ಯಾನವ್ವ ನೀ ಏಳದು?" ಅಂದ. ಸಿಟ್ಟಿನಿಂದಲ್ಲ, ಸೋತವನ ಹಾಗೆ. "ಲಿಂಗ ಕಟ್ಕಂಡ ಮನೆ ಕಣವ್ವ ಇದು. ಆ ಕೇರಿ ಮಗೀನ ತಂದು ಒಳಗೆ ಮನಗ್ಸಿದ್ರೆ ನಾಳೆ ನೆಂಟ್ರು ಒಸ್ಲು ತುಳ್ದಾರಾ? ಈಗ್ತಾನೆ ಮಗಳ್ನ ಕೊಟ್ಟಿವ್ನಿ. ಬುಟ್ಬುಡು. ಅಲ್ಲೇ ನೋಡ್ಕೊ, ಯಾರ್ ಬ್ಯಾಡ ಅಂದರು?"

ಎಲ್ಲವನ್ನೂ ಅಣ್ಣನ ಮೇಲೆ ಹಾಕಿ ಇಲ್ಲಿಗೆ ನಿಲ್ಲಿಸಿದರೆ ನನಗೂ ಸುಲಭ, ನಿನಗೂ ಅರ್ಥವಾಗುತ್ತದೆ. ಆದರೆ — ಅವನು ಹಾಗೆಂದಾಗ ನನ್ನೊಳಗೆ ಎಲ್ಲೋ ಹಗುರವಾಯಿತು. ಅದೇ ಮಾತು ನನ್ನಲ್ಲೂ ಇತ್ತು. ನಿನ್ನನ್ನು ಸೊಂಟದ ಮೇಲೆ ಇಟ್ಟುಕೊಂಡು ಬೇಗೂರಿನ ನಮ್ಮ ಬೀದಿಯಲ್ಲಿ ನಡೆಯುವುದನ್ನು ನೆನೆದಾಗಲೆಲ್ಲ ಮೈ ಮುದುಡುತ್ತಿತ್ತು. ನಗರದ ಆ ಹಿತ್ತಲಿನಲ್ಲಿ ನೀನು ನನ್ನ ಮಗಳು. ಇಲ್ಲಿ ನೀನು ಆ ಕೇರಿಯವಳು. ಮೂರೂವರೆ ವರ್ಷ ನಿನ್ನ ಎಂಜಲು ತಿಂದವಳಿಗೆ ನಿನ್ನನ್ನು ನಮ್ಮ ಹೊಸಿಲು ದಾಟಿಸುವ ಮನಸ್ಸು ಬರಲಿಲ್ಲ. ನಗರದಲ್ಲೇ ಒಂದು ಕೋಣೆ ಹಿಡಿದು ಇರಬಹುದಿತ್ತು, ಇರುವವರು ಇದ್ದರು. ಅದನ್ನು ಯೋಚಿಸಲೂ ಇಲ್ಲ. ಯೋಚಿಸಿದರೆ ದಾರಿ ಸಿಕ್ಕಿಬಿಡುತ್ತದೆ ಎಂಬ ಹೆದರಿಕೆ ಇತ್ತೇನೋ.

ಸೋಮವಾರ ಮೇಡಂಗೆ ಹೇಳಿದೆ, "ಇಲ್ಲ ಮೇಡಂ. ನಂಗೆ ಎಲ್ಲಾ ಮಕ್ಳೂ ಒಂದೇಯ."

ಅವರು ಇಟಲಿಗೆ ಕಳಿಸಬೇಕಾದ ನಿನ್ನ ವರದಿಯನ್ನು ತೆಗೆದರು. ನಿದ್ದೆ ಹೇಗೆ, ಊಟ ಹೇಗೆ, ಹಲ್ಲು ಯಾವಾಗ ಬಂತು — ಒಂದೊಂದೇ ಕೇಳಿ ಇಂಗ್ಲಿಷಿನಲ್ಲಿ ಬರೆದುಕೊಂಡರು. ಕೊನೆಗೆ ಕೇಳಿದರು: "ಮಗು ಯಾರನ್ನಾದ್ರೂ ವಿಶೇಷವಾಗಿ ಹಚ್ಚಿಕೊಂಡಿದೆಯಾ? ದಿನಾ ನೋಡ್ಕೊಂಡೋಳು ನೀನು. ನೀನು ಹೇಳಿದ್ದನ್ನೇ ನಾನು ಬರೀಬೇಕು. ನಿಜ ಹೇಳಿದ್ರೆ ಅವರಿಗೆ ಒಂದು ತಿಂಗಳು ಇಲ್ಲೇ ಇರಿ ಅಂತೀನಿ, ನಿನ್ನ ಕೈಯಿಂದ್ಲೇ ನಿಧಾನವಾಗಿ ದಾಟಿಸೋಣ."

"ಯಾರ್ನೂ ಅಚ್ಕಂಡಿಲ್ಲ ಮೇಡಂ," ಅಂದೆ.

ಹೌದು ಅಂದಿದ್ದರೆ, ಹಾಗಾದರೆ ಯಾಕೆ ಬೇಡ ಅಂದೆ ಎಂದು ಅವರು ಕೇಳುತ್ತಿದ್ದರು. ಅದಕ್ಕೆ ನನ್ನ ಹತ್ತಿರ ಬಾಯಿಬಿಟ್ಟು ಹೇಳುವಂಥ ಉತ್ತರ ಇರಲಿಲ್ಲ. ಅಷ್ಟೇ ಕಾರಣ. ಆ ಒಂದು ಪ್ರಶ್ನೆಯನ್ನು ತಪ್ಪಿಸಿಕೊಳ್ಳಲು ನಿನ್ನ ನಾಲ್ಕು ವರ್ಷವನ್ನು ಅಳಿಸಿಹಾಕಿದೆ.

ಮಾರ್ತಾ ಮತ್ತು ಪಾವ್ಲೊ ಬಂದು ಐದು ದಿನ ಇದ್ದರು. ಒಳ್ಳೆಯವರು. ಮಾರ್ತಾ ದಿನವೂ ನೆಲದ ಮೇಲೆ ಕುಳಿತು ನಿನ್ನನ್ನು ಕರೆಯುತ್ತಿದ್ದರು. ನೀನು ನನ್ನ ಸೀರೆಯ ಹಿಂದಿನಿಂದ ನೋಡುತ್ತಿದ್ದೆ. ನಾನು ಅಡುಗೆಮನೆ ಸೇರಿಕೊಂಡರೆ ಅಲ್ಲಿಗೂ ಹುಡುಕಿಕೊಂಡು ಬರುತ್ತಿದ್ದೆ. ಬೇಗ ಮುಗಿದುಹೋದರೆ ಸಾಕು ಎನ್ನಿಸುತ್ತಿತ್ತು.

ಆರನೆಯ ದಿನ, ಬೆಳಿಗ್ಗೆ ಹತ್ತು ಗಂಟೆ. ಗೇಟಿನ ಹೊರಗೆ ಬಾಡಿಗೆ ಕಾರು, ಬಾಗಿಲು ತೆರೆದಿತ್ತು. ನಿನಗೆ ಏನು ನಡೆಯುತ್ತಿದೆ ಎಂದು ತಿಳಿಯಿತು. ನನ್ನ ಸೆರಗನ್ನು ಮುಷ್ಟಿಯಲ್ಲಿ ಸುತ್ತಿ ಹಿಡಿದುಕೊಂಡು ಕಿರುಚಿದೆ — ಎಲ್ಲರ ಎದುರು, ಮೇಡಂ ಎದುರು — ಅವ್ವ, ಅವ್ವ ಎಂದು. ಮೊದಲನೆಯ ಸಲ ಆ ಮಾತು ಜೋರಾಗಿ ಹೊರಗೆ ಬಂದಿತ್ತು. ಪುಟ್ಟಮ್ಮ ನನ್ನನ್ನು ನೋಡಿದಳು. ಮೇಡಂ ನೋಡಿದರು. ನನ್ನ ಕಿವಿ ಸುಟ್ಟುಹೋಯಿತು.

ನಿನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆ. ಬಗ್ಗಿ, ನಿನ್ನ ಮುಖಕ್ಕೆ ಮುಖ ಕೊಟ್ಟು ಹೇಳಿದೆ:

"ನಾನು ನಿಮ್ಮವ್ವ ಅಲ್ಲ ಕಣಮ್ಮಿ. ಸಂಬಳಕ್ಕೆ ನೋಡ್ಕಂಡೋಳು. ಓಗು."

ನಿನ್ನ ಅಳು ತಟ್ಟನೆ ನಿಂತಿತು. ನೀನು ಆ ಕಡೆ ಈ ಕಡೆ ನೋಡಿದೆ. ಸುತ್ತ ಜನರಿದ್ದರು. ಕಲಿಸಿದ್ದು ನೆನಪಾಯಿತೇನೋ — ತಪ್ಪು ತಿದ್ದಿಕೊಳ್ಳುವವಳ ಹಾಗೆ, ಮೆಲ್ಲಗೆ, ಸರಿಯಾಗಿ, ನೀನು ಅಂದೆ: "ಆಯಾ."

ತಪ್ಪು ಹೆಸರು ಕರೆದದ್ದಕ್ಕೆ ಬೈದಳು, ಸರಿಯಾದ ಹೆಸರು ಕರೆದರೆ ಕಳಿಸುವುದಿಲ್ಲ ಎಂದುಕೊಂಡೆ ನೀನು. ನನಗೆ ಆ ಕ್ಷಣದಲ್ಲೇ ಅದು ಅರ್ಥವಾಗಿತ್ತು, ಗಿರಿಜಾ. ಆಮೇಲೆ ಅರ್ಥವಾಯಿತು ಎಂದರೆ ಅದೂ ಸುಳ್ಳಾಗುತ್ತದೆ. ಅರ್ಥವಾಗಿಯೂ ನಿನ್ನನ್ನು ಎತ್ತಿ ಕಾರಿನೊಳಗೆ ಕೂರಿಸಿದೆ. ನೀನು ಮತ್ತೆ ಅಳಲಿಲ್ಲ, ಕಿಟಕಿಯಿಂದ ತಿರುಗಿ ನೋಡಲೂ ಇಲ್ಲ. ಮಾರ್ತಾ ನನ್ನ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡರು. ಎಷ್ಟು ಚೆನ್ನಾಗಿ ಮಗುವನ್ನು ಸಮಾಧಾನ ಮಾಡಿದಿರಿ ಎಂದು ಅವರು ಹೇಳಿದ್ದನ್ನು ಮೇಡಂ ನನಗೆ ಆಗ ಕನ್ನಡದಲ್ಲಿ ಹೇಳಲಿಲ್ಲ. ಒಂದು ವಾರ ಬಿಟ್ಟು ಹೇಳಿದರು.

ನಾಲ್ಕು ತಿಂಗಳಿಗೆ ಮಾರ್ತಾರ ಮೊದಲ ಕಾಗದ ಬಂತು. ಮೇಡಂ ಓದಿ ಹೇಳಿದರು. ಮಗು ಅಳುವುದೇ ಇಲ್ಲ — ಮೆಟ್ಟಿಲಿನಿಂದ ಬಿದ್ದು ತುಟಿ ಒಡೆದಾಗಲೂ ಅಳಲಿಲ್ಲ. ಅಂಗಡಿಯಲ್ಲಿ ಯಾರು ಕೈ ಚಾಚಿದರೂ ಅವರ ಜೊತೆ ಹೊರಟುಬಿಡುತ್ತದೆ. ರಾತ್ರಿಯ ರೊಟ್ಟಿಯನ್ನು ದಿಂಬಿನ ಕೆಳಗೆ ಇಡುತ್ತದೆ. ಅಪ್ಪಿಕೊಂಡರೆ ಮರದ ಹಾಗೆ ಆಗುತ್ತದೆ. ಹಿಂದೆ ಯಾರಾದರೂ ಹತ್ತಿರದವರಿದ್ದರೇ ಎಂದು ಇಲ್ಲಿನ ವೈದ್ಯೆ ಕೇಳುತ್ತಿದ್ದಾರೆ. ಇದ್ದರೆ ಅವರ ಒಂದು ಫೋಟೊ, ಒಂದು ಕ್ಯಾಸೆಟ್ಟಿನಲ್ಲಿ ಅವರ ದನಿ ಕಳಿಸಿಕೊಡಿ. ಅವರಿಂದ ಬಿಡಿಸಿಕೊಳ್ಳಲು ಅಲ್ಲ, ಅವರನ್ನು ಇಟ್ಟುಕೊಂಡೇ ಮಗು ನಮ್ಮ ಹತ್ತಿರ ಬರಲಿ ಎಂದು ಕೇಳುತ್ತಿದ್ದೇವೆ.

ಮೇಡಂ ಟೇಪ್‌ರೆಕಾರ್ಡರನ್ನು ಮೇಜಿನ ಮೇಲೆ ಇಟ್ಟರು. "ಎರಡು ಮಾತು ಮಾತಾಡು ಸಾಕು. ಹಾಡು ಹೇಳ್ತಿದ್ಯಲ್ಲ, ಅದನ್ನಾದ್ರೂ ಹೇಳು."

"ನಂಗೆ ನೆಪ್ಪಿಲ್ಲ ಮೇಡಂ," ಅಂದೆ.

ಎರಡನೆಯ ಕಾಗದದಲ್ಲಿ ಒಂದು ಪ್ರಶ್ನೆಯಿತ್ತು. ಉದ್ದ ಜಡೆಯ ಹೆಂಗಸರು ಎದುರಾದರೆ ಮಗು ಸುತ್ತ ನೋಡಿ, ಮೆಲ್ಲಗೆ ಏನೋ ಅನ್ನುತ್ತದೆ — ಅವ್ವ ಎಂದು ಕೇಳಿಸುತ್ತದೆ. ಅದರ ಅರ್ಥವೇನು, ಅದು ಯಾರ ಹೆಸರು? ಮೇಡಂ ಕನ್ನಡಕ ತೆಗೆದು ನನ್ನ ಕಡೆ ನೋಡಿದರು. ಮಕ್ಕಳು ಎಲ್ಲರನ್ನೂ ಹಾಗೇ ಅನ್ನುತ್ತವೆ ಎಂದು ಬರೆಯಿರಿ ಅಂದೆ. ಅವರು ಬರೆದರು. ಮೂರನೆಯ ಕಾಗದದಲ್ಲಿ ಪ್ರಶ್ನೆಗಳಿರಲಿಲ್ಲ. ಮಗು ಶಾಲೆಗೆ ಹೋಗುತ್ತಿದೆ, ಚೆನ್ನಾಗಿ ಓದುತ್ತಿದೆ, ಆ ಮಾತನ್ನು ಈಗ ಅನ್ನುವುದಿಲ್ಲ ಎಂದಿತ್ತು. ನಾಲ್ಕನೆಯದು ಬರಲಿಲ್ಲ.

ಆಮೇಲೆ ಇಪ್ಪತ್ತು ವರ್ಷಕ್ಕೂ ಮಿಕ್ಕಿ ನಾನು ಚೆನ್ನಾಗಿಯೇ ಬದುಕಿದೆ. ಇದನ್ನೂ ಹೇಳಬೇಕು. ದಿನವೂ ನಿನ್ನನ್ನು ನೆನೆದು ಕೊರಗಲಿಲ್ಲ. ವಿದೇಶದಲ್ಲಿ ಸುಖವಾಗಿದ್ದಾಳೆ, ಇಲ್ಲಿದ್ದಿದ್ದರೆ ಏನಿತ್ತು ಎಂದು ಹೇಳಿಕೊಂಡೆ, ಹೇಳಿಕೊಂಡದ್ದನ್ನು ನಂಬಿದೆ. ಶಿಶುಮಂದಿರ ಮುಚ್ಚಿತು, ಬೇಗೂರಿನಲ್ಲಿ ಅಣ್ಣನ ಮನೆಯ ಹಿಂದಿನ ಕೋಣೆಗೆ ಬಂದೆ, ಸೀರೆಗಳಿಗೆ ಫಾಲ್ಸ್ ಹೊಲಿದುಕೊಂಡು ಇದ್ದೇನೆ.

ಆಮೇಲೆ ನೀನು ಬಂದೆ. ಹಳೆಯ ಫೈಲಿನಲ್ಲಿ ನನ್ನ ಹೆಸರೂ ಊರೂ ಸಿಕ್ಕವು ಎಂದು ನಿತ್ಯಾ ಹೇಳಿದಳು. ಕತ್ತರಿಸಿದ ಕೂದಲು, ಹತ್ತಿ ಅಂಗಿ, ಅಜ್ಜಿಯದೇ ಹಣೆ. ಅಣ್ಣ ಮಂಚದ ಮೇಲೆ ಪೇಪರು ಹಿಡಿದು ಕುಳಿತಿದ್ದ. ಅವನ ಸೊಸೆ ಶೋಭಾ ಕಾಫಿ ಕೊಟ್ಟು ಬಾಗಿಲಲ್ಲೇ ನಿಂತಳು. ನೀನು ಹೇಳುತ್ತಾ ಹೋದೆ, ನಿತ್ಯಾ ಕನ್ನಡಕ್ಕೆ ತರುತ್ತಾ ಹೋದಳು.

"ಇವರಿಗೆ ಯಾರ ಜೊತೆಗೂ ನಿಲ್ಲೋಕೆ ಆಗಲ್ವಂತೆ. ತುಂಬಾ ಒಳ್ಳೆಯ ಒಬ್ಬರಿದ್ರಂತೆ. ಅವರು ಮದುವೆ ಅಂದ ವಾರವೇ ಇವರು ಮನೆ ಬಿಟ್ಟು ಬಂದ್ರಂತೆ. ಅಮ್ಮ ಮಾರ್ತಾನ ತಾನಾಗಿ ಅಪ್ಪಿಕೊಂಡಿದ್ದು ಒಂದು ಸಲಾನೂ ನೆನಪಿಲ್ವಂತೆ. ಫೈಲಲ್ಲಿ ಒಂದು ವಾಕ್ಯ ಇದೆಯಂತೆ, ಹದಿನೈದನೇ ವಯಸ್ಸಲ್ಲಿ ಓದಿದ್ರಂತೆ — ಈ ಮಗು ಯಾರನ್ನೂ ಹಚ್ಚಿಕೊಂಡಿಲ್ಲ ಅಂತ. ಆವತ್ತಿಂದ, ತಾನು ಹುಟ್ಟಿದ್ದೇ ಹೀಗೆ, ತನ್ನಲ್ಲಿ ಅದು ಇಲ್ಲವೇ ಇಲ್ಲ ಅಂದುಕೊಂಡಿದ್ದಾರೆ." ನಿತ್ಯಾ ನಿನ್ನನ್ನು ನೋಡಿ, ಕೇಳಿದಳು: "ಅದು ನಿಜಾನಾ ಅಮ್ಮ? ಆಗ ಯಾರೂ ಇರಲಿಲ್ವಾ? ಇವರು ಹೇಗಿದ್ರು?"

ಪೇಪರಿನ ಹಿಂದೆ ಅಣ್ಣ ಅಲುಗಾಡಲಿಲ್ಲ. ಶೋಭಾ ನಿನ್ನನ್ನು ಮೇಲಿಂದ ಕೆಳಗೆ ನೋಡುತ್ತಿದ್ದಳು.

"ತುಂಬಾ ಮಕ್ಳಿದ್ರು ಕಣಮ್ಮ," ಅಂದೆ. "ನಂಗೆ ನೆಪ್ಪಿಲ್ಲ."

ನಿತ್ಯಾ ಹೇಳಿದಳು. ನೀನು ತಲೆಯಾಡಿಸಿದೆ, ಮೊದಲೇ ಗೊತ್ತಿದ್ದ ಸುದ್ದಿ ಕೇಳಿದವಳ ಹಾಗೆ. ಕಾಫಿ ಪೂರ್ತಿ ಕುಡಿದು, ಲೋಟವನ್ನು ನೀನೇ ಒಳಗೆ ಕೊಟ್ಟು, ಕೈಮುಗಿದು ಹೋದೆ. ಗುಂಡ್ಲುಪೇಟೆಯ ಕಡೆ ಹೂವಿನ ಹೊಲ ನೋಡಬೇಕು ಎಂದಿದ್ದೆಯಂತೆ. ಡಿಸೆಂಬರಿನಲ್ಲಿ ಹೂವು ಮುಗಿದಿರುತ್ತದೆ. ಅದನ್ನಾದರೂ ಹೇಳಬಹುದಿತ್ತು, ಹೇಳಲಿಲ್ಲ.

ಹೋದ ತಿಂಗಳು ನಿತ್ಯಾಗೆ ಫೋನ್ ಮಾಡಿದೆ. ನಾನು ಸುಳ್ಳು ಹೇಳಿದೆ ಅಂದಾಗ ಅವಳು, "ನನಗೆ ಅನ್ನಿಸಿತ್ತು ಅಮ್ಮ. ಅವರು ಲೋಟ ಕೊಡೋಕೆ ಒಳಗೆ ಹೋದಾಗ ನೀವು ಹಿಂದೆಯೇ ಹೋಗೋರ ಹಾಗೆ ಅರ್ಧ ಎದ್ದು ನಿಂತಿದ್ರಿ," ಅಂದಳು. ನನಗೆ ಅದು ಗೊತ್ತೇ ಇರಲಿಲ್ಲ.

ಕಾಗದ ಕಳಿಸುವ ಮೊದಲು ಮನೆಯಲ್ಲಿ ಹೇಳಬೇಕು ಎನ್ನಿಸಿತು. ಅಣ್ಣನಿಗೆ ಹೇಳಿದೆ. "ಈಗ್ಯಾಕವ್ವ ಅದೆಲ್ಲ? ಬುಡು, ಮುಗ್ದೋಯ್ತು," ಅಂದ. ಮುಗಿದಿಲ್ಲ ಕಣಣ್ಣ ಅಂದೆ. ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಾಗ ಗಟ್ಟಿಯಾಗಿ ಹೇಳಿದೆ: "ಅವತ್ತು ಬಂದಿದ್ದಳಲ್ಲ, ಅವಳು ನಾನು ಸಾಕಿದ ಮಗಳು. ನನ್ನನ್ನ ಅವ್ವ ಅಂತಿದ್ಲು." ಅವಳ ಅಜ್ಜಿ ಯಾವ ಕೇರಿಯವಳು ಎಂಬುದನ್ನೂ ಹೇಳಿದೆ. ಅಣ್ಣ ತಟ್ಟೆ ಬಿಟ್ಟು ಎದ್ದುಹೋದ. ಇವತ್ತಿಗೆ ಆರು ದಿನ, ನನ್ನ ಜೊತೆ ಮಾತಿಲ್ಲ. ಶೋಭಾ ಸೌಟು ಹಿಡಿದುಕೊಂಡು ಕೇಳಿದಳು: "ಸಾರು ಆಕ್ಲಾ ಅತ್ತೆ?"

ಇಷ್ಟೇ. ಎರಡು ದಶಕ ನಾನು ಹೆದರಿದ್ದು ಇಷ್ಟಕ್ಕೆ.

ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ಅದು ನಿನ್ನ ಮೇಲೆ ಇನ್ನೊಂದು ಹೊರೆ. ನಿನ್ನ ಅಮ್ಮ ಮಾರ್ತಾರಿಗೆ ಇದನ್ನೆಲ್ಲ ಹೇಳು. ಅವರು ಮುಚ್ಚಿದ ಬಾಗಿಲ ಮುಂದೆ ಇಷ್ಟು ವರ್ಷ ನಿಂತಿದ್ದು ನನ್ನಿಂದ, ನಿನ್ನಿಂದಲ್ಲ, ಅವರಿಂದಲೂ ಅಲ್ಲ ಎಂದು ಅವರಿಗೆ ಗೊತ್ತಾಗಬೇಕು. ನಾಳೆ ಬೆಳಗಿನ ಬಸ್ಸಿಗೆ ಮೈಸೂರಿಗೆ ಹೋಗಿ ಈ ಹಾಳೆಗಳನ್ನು ನಿತ್ಯಾಳ ಕೈಗೆ ಕೊಡುತ್ತೇನೆ. ನೀನು ಮಾತಾಡಬೇಕೆಂದರೆ ನಾನಿದ್ದೇನೆ. ಬೇಡವೆಂದರೆ ಅದೂ ಸರಿಯೇ.

ಹೇಗಿದ್ದೆ ಎಂದು ಕೇಳಿದ್ದೆ. ಅದಕ್ಕೆ ಉತ್ತರ ಹೇಳಿ ಮುಗಿಸುತ್ತೇನೆ.

ನಿನಗೆ ಮೂರೂವರೆ ಇರಬೇಕು. ನನಗೆ ಚಳಿಜ್ವರ ಬಂದು ಮಕ್ಕಳ ಕೋಣೆಯ ಮೂಲೆಯಲ್ಲೇ ಚಾಪೆಯ ಮೇಲೆ ಮಲಗಿದ್ದೆ. ಬೇರೆ ಮಕ್ಕಳು ಅಂಗಳದಲ್ಲಿ ಆಡುತ್ತಿದ್ದರು. ನೀನು ಹೋಗಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ನನ್ನ ತಲೆಯ ಹತ್ತಿರ ಕುಳಿತಿದ್ದೆ. ಪುಟ್ಟಮ್ಮ ಎತ್ತಿಕೊಂಡು ಹೋದರೆ ಜಾರಿ ಮತ್ತೆ ಬರುತ್ತಿದ್ದೆ. ನಾಲ್ಕು ಗಂಟೆಗೆ ಮಕ್ಕಳಿಗೆಲ್ಲ ಬಾಳೆಹಣ್ಣು ಹಂಚಿದರು. ನಿನ್ನದನ್ನು ನೀನು ತಿನ್ನಲಿಲ್ಲ. ನಾನು ನಿನಗೆ ಮಾಡುತ್ತಿದ್ದ ಹಾಗೆಯೇ ಸಿಪ್ಪೆ ಸುಲಿದು, ಅಂಗೈಯಲ್ಲಿ ಕಿವುಚಿ, ನನ್ನ ತುಟಿಯ ಹತ್ತಿರ ತಂದು, "ಆ ಅನ್ನು" ಅಂದೆ. ನಾನು ಬಾಯಿ ತೆರೆಯಲಿಲ್ಲ, ಸುಸ್ತಾಗಿತ್ತು. ನೀನು ಸಿಟ್ಟು ಮಾಡಲಿಲ್ಲ. ಕೈಯನ್ನು ಹಾಗೇ ಚಾಚಿಕೊಂಡು ಕಾದೆ. ಹಣ್ಣು ಮಣಿಕಟ್ಟಿನಿಂದ ಮೊಣಕೈವರೆಗೆ ಸೋರುತ್ತಿತ್ತು, ಆದರೂ ಕೈ ಇಳಿಸಲಿಲ್ಲ. ನಾನು ತಿನ್ನುವವರೆಗೆ ಕಾದೆ.

ನೀನು ಹೀಗಿದ್ದೆ, ಗಿರಿಜಾ. ಇದನ್ನು ನಾನು ಒಂದು ದಿನವೂ ಮರೆತಿರಲಿಲ್ಲ.